ಕೇಳಿದ್ದನ್ನು ಮರಳಿ ನುಡಿದು ಆಲಿಸುವುದು: ಸದಸ್ಯರ ದೈನಂದಿನ ಸಂಭಾಷಣೆಗೆ ಕೆಲವು ವಿಚಾರಗಳು

ಕೆಂಗೇರಿ ಹೋಬಳಿಯ ಗ್ರಾಮ ಪಂಚಾಯಿತಿ ಕಚೇರಿಗಳ ಜಗಲಿಯಲ್ಲಿ ಪದೇ ಪದೇ ಕೇಳಿಬರುವ ಮಾತುಗಳಲ್ಲಿ "ನೀರು ಬರ್ತಿಲ್ಲ" ಎಂಬುದೂ ಒಂದು. ಮಾತು ಒಂದೇ ಆದರೂ ಅದರ ಹಿಂದಿನ ಸಂಗತಿ ಒಂದೇ ಆಗಿರುವುದಿಲ್ಲ. ಹಳೆಯ ಊರಿನ ಮನೆಯವರು ಹೀಗೆಂದರೆ ತಮ್ಮ ಬೀದಿಯ ಸರದಿ ತಪ್ಪಿದೆ ಎಂದಿರಬಹುದು. ವಿಜಯನಗರದಲ್ಲೋ ಬಸವೇಶ್ವರನಗರದಲ್ಲೋ ಬಹುಕಾಲ ಬಾಡಿಗೆಗಿದ್ದು, ರಾಮೋಹಳ್ಳಿ ಅಥವಾ ಕುಂಬಳಗೋಡಿನ ಕಡೆ ನಿವೇಶನ ಕೊಂಡು ಮನೆ ಕಟ್ಟಿಸಿಕೊಂಡವರು ಇದೇ ಮಾತನ್ನಾಡಿದರೆ, ನಗರದಲ್ಲಿ ಸಿಗುತ್ತಿದ್ದ ಕಾವೇರಿ ನೀರು ಇಲ್ಲಿಗೆ ಎಂದು ಬಂದೀತು ಎಂಬ ಪ್ರಶ್ನೆ ಅದರಲ್ಲಿ ಅಡಗಿರಬಹುದು. ಬಾಡಿಗೆ ಮನೆಯ ಗೃಹಿಣಿಯಾದರೆ, ಬೀದಿಯ ಕೊಳಾಯಿಗೆ ನೀರು ಬರುತ್ತಿದ್ದರೂ ಮನೆಯ ಮಾಲೀಕರು ಮೇಲಿನ ತೊಟ್ಟಿಯ ವಾಲ್ವ್ ತಿರುಗಿಸುತ್ತಿಲ್ಲ ಎಂದಿರಬಹುದು. ವೃಷಭಾವತಿಯ ಸಮೀಪ ವಾಸಿಸುವವರಿಗೆ ನೀರೇನೋ ಬರುತ್ತಿರುತ್ತದೆ. ಕೊಳವೆಬಾವಿಯ ಆ ನೀರನ್ನು ಬಾಯಿಗೆ ಹಾಕಲಾಗದು ಎಂಬುದು ಅವರ ಅಳಲು.

ಸದಸ್ಯರ ಉತ್ತರ ಮಾತ್ರ ಬಹುಮಟ್ಟಿಗೆ ಒಂದೇ: "ನೀರಗಂಟಿಗೆ ಹೇಳ್ತೀನಿ, ಹೋಗಿ ಬನ್ನಿ." ಉತ್ತರದಲ್ಲಿ ಉದಾಸೀನವಿಲ್ಲ. ಅನೇಕ ಸದಸ್ಯರು ಅಲ್ಲೇ ದೂರವಾಣಿ ಕರೆಯನ್ನೂ ಮಾಡುತ್ತಾರೆ. ನೀರಗಂಟಿ ಬಂದು ನೋಡುತ್ತಾನೆ, ಸರದಿಯ ಪ್ರಕಾರ ನೀರು ಬಿಟ್ಟಿರುವುದಾಗಿ ತಿಳಿಸುತ್ತಾನೆ, ದೂರು ಮುಗಿಯಿತೆಂದು ಎಣಿಸಲಾಗುತ್ತದೆ. ಮಾಲೀಕರ ವಾಲ್ವ್ ಮಾತ್ರ ಹಾಗೆಯೇ ಇರುತ್ತದೆ. ಮುಂದಿನ ವಾರ ಅದೇ ಗೃಹಿಣಿ ಮತ್ತೆ ಬರುವುದಿಲ್ಲ. ಹೇಳಿ ಪ್ರಯೋಜನವಿಲ್ಲವೆಂಬುದು ಅವರಿಗೆ ಖಚಿತವಾಗಿರುತ್ತದೆ. ಇಲ್ಲಿ ಕೊರತೆಯಾದದ್ದು ಕಾಳಜಿಯಲ್ಲ. ಅರ್ಥವಾಗುವ ಮೊದಲೇ ಉತ್ತರ ಹೊರಟುಬಿಟ್ಟಿತು.

ಇದನ್ನು ತಡೆಯುವ ಒಂದು ಸರಳ ಕ್ರಮವನ್ನು ಆಪ್ತಸಲಹೆಯ ಕ್ಷೇತ್ರದಲ್ಲಿ ಪ್ರತಿಫಲನಾತ್ಮಕ ಆಲಿಸುವಿಕೆ ಎಂದು ಕರೆಯುತ್ತಾರೆ. ಹೆಸರು ಭಾರವಾಗಿದ್ದರೂ ಕೆಲಸ ಸಣ್ಣದು. ಎದುರಿನವರು ಹೇಳಿದ್ದನ್ನು ಕೇಳಿದವರು ತಮಗೆ ತಿಳಿದಂತೆ ಒಂದೆರಡು ವಾಕ್ಯಗಳಲ್ಲಿ ಮರಳಿ ನುಡಿಯುತ್ತಾರೆ, ಸರಿಯೋ ತಪ್ಪೋ ಎಂದು ತಿಳಿಸಲು ಅವಕಾಶ ಕೊಡುತ್ತಾರೆ, ಆ ಬಳಿಕವಷ್ಟೇ ತಮ್ಮ ಮಾತನ್ನು ಆರಂಭಿಸುತ್ತಾರೆ. ಮೇಲಿನ ಪ್ರಸಂಗದಲ್ಲಿ ಸದಸ್ಯರು ಹೀಗೆ ನಡೆದುಕೊಂಡರೆಂದು ಊಹಿಸಬಹುದು.

"ನೀರು ಬರ್ತಿಲ್ಲ ಸಾರ್."

"ನಿಮ್ಮ ಬೀದಿಗೇ ನೀರು ಬಿಡ್ತಿಲ್ಲ ಅಂತೀರಾ?"

"ಬೀದಿಗೆ ಬರುತ್ತೆ. ನಮ್ಮ ಮನೆಗೆ ಬರಲ್ಲ."

"ಬೀದಿಗೆ ಬಂದದ್ದು ನಿಮ್ಮ ಮನೆ ತನಕ ಬರ್ತಿಲ್ಲ. ನಡುವೆ ಎಲ್ಲೋ ನಿಂತುಹೋಗ್ತಿದೆ."

"ನಿಂತುಹೋಗಲ್ಲ, ನಿಲ್ಲಿಸ್ತಾರೆ. ಮನೆ ಖಾಲಿ ಮಾಡಿ ಅಂತ ಒಂದು ತಿಂಗಳಿಂದ ಹೇಳ್ತಿದಾರೆ."

ಮೂರನೆಯ ಸರದಿಯಲ್ಲಿ ವಿಷಯ ನೀರಿನದಲ್ಲ ಎಂಬುದು ಹೊರಬಂತು. ಸದಸ್ಯರು ಇಲ್ಲಿ ಯಾವ ಜಾಣ ಪ್ರಶ್ನೆಯನ್ನೂ ಕೇಳಲಿಲ್ಲ. ಅವರ ಮೊದಲ ಊಹೆ ತಪ್ಪಾಗಿತ್ತು. ಆ ತಪ್ಪೇ ಗೃಹಿಣಿಗೆ ತಿದ್ದುವ ದಾರಿ ಮಾಡಿಕೊಟ್ಟಿತು. "ಅಲ್ಲ" ಎಂಬ ಉತ್ತರ ಬಂದರೆ ಸೋಲೆಂದು ಭಾವಿಸಬೇಕಿಲ್ಲ. "ಹೌದು" ಎಂಬುದಕ್ಕಿಂತ ಅದೇ ಹೆಚ್ಚಿನ ತಿಳಿವಳಿಕೆಯನ್ನು ತರುವುದುಂಟು.

ಈ ಕ್ರಮವನ್ನು ಶಾಸ್ತ್ರೀಯವಾಗಿ ರೂಪಿಸಿದವರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಪ್ರಮುಖರು. ನೊಂದವರಿಗೆ ಸಲಹೆ ಕೊಡುವುದಕ್ಕಿಂತ ಅವರ ಮಾತನ್ನು ಅವರ ದೃಷ್ಟಿಯಿಂದಲೇ ಗ್ರಹಿಸುವುದು ಹೆಚ್ಚು ಫಲಕಾರಿ ಎಂಬುದು ಅವರ ನಿಲುವು. 1942ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಅವರು ಸಮಾಲೋಚನೆಯೊಂದರ ಎಲ್ಲ ಭೇಟಿಗಳನ್ನು ಧ್ವನಿಮುದ್ರಣದ ಆಧಾರದಿಂದ ಅಕ್ಷರಶಃ ಅಚ್ಚು ಮಾಡಿಸಿದರು. ಸಲಹೆಗಾರರು ಎಲ್ಲಿ ಆತುರಪಟ್ಟರು, ಎಲ್ಲಿ ತಮ್ಮ ಅಭಿಪ್ರಾಯವನ್ನು ಹೇರಿದರು ಎಂಬುದನ್ನು ಓದುಗರೇ ನೋಡುವಂತಾಯಿತು. ಮುಂದೆ 1952ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ಅವರು ಒಂದು ಪ್ರಯೋಗವನ್ನು ಸೂಚಿಸಿದರು. ವಾಗ್ವಾದ ನಡೆಯುತ್ತಿರುವಾಗ, ಹಿಂದೆ ಮಾತನಾಡಿದವರ ವಿಚಾರವನ್ನೂ ಭಾವನೆಯನ್ನೂ ಅವರಿಗೇ ಒಪ್ಪಿಗೆಯಾಗುವಂತೆ ಮರಳಿ ಹೇಳಿದ ನಂತರವೇ ಪ್ರತಿಯೊಬ್ಬರೂ ತಮ್ಮ ಮಾತನ್ನಾಡಬೇಕು ಎಂಬುದು ಆ ನಿಯಮ. ಕೇಳಲು ಸುಲಭವೆನಿಸುವ ಈ ನಿಯಮ ಪಾಲಿಸಲು ಬಹಳ ಕಠಿಣವೆಂದು ಅವರೇ ಎಚ್ಚರಿಸಿದ್ದಾರೆ. ಎದುರಾಳಿಯ ಮಾತನ್ನು ನಿಜವಾಗಿ ಅರ್ಥಮಾಡಿಕೊಂಡರೆ ನಮ್ಮ ಅಭಿಪ್ರಾಯವೇ ಬದಲಾದೀತೆಂಬ ಅಳುಕು ಮನುಷ್ಯನಿಗೆ ಇದ್ದೇ ಇರುತ್ತದೆ.

ಇದೇ ಕ್ರಮ ಬರಿಯ ತಂತ್ರವಾದರೆ ಹಾಸ್ಯಾಸ್ಪದವೂ ಆಗುತ್ತದೆ. 1966ರಲ್ಲಿ ಜೋಸೆಫ್ ವೈಜೆನ್‌ಬಾಮ್ ಎಂಬ ವಿಜ್ಞಾನಿ ಎಲೈಜಾ ಎಂಬ ಕಂಪ್ಯೂಟರ್ ಕಾರ್ಯಕ್ರಮದ ವಿವರಗಳನ್ನು ಪ್ರಕಟಿಸಿದರು. ಟೈಪ್ ಮಾಡಿದ ವಾಕ್ಯವನ್ನೇ ತಿರುವಿಹಾಕಿ ಪ್ರಶ್ನೆಯಾಗಿ ಮರಳಿಸುವುದಷ್ಟೇ ಅದರ ಕೆಲಸ. ಏನೂ ಅರ್ಥವಾಗದ ಯಂತ್ರವೂ ಆಲಿಸುವವರಂತೆ ನಟಿಸಬಲ್ಲದು ಎಂಬುದಕ್ಕೆ ಅದು ಸಾಕ್ಷಿಯಾಯಿತು. ತಮ್ಮ ವಿಧಾನ ಗಿಳಿಪಾಠವಾಗುತ್ತಿರುವುದು ರೋಜರ್ಸ್ ಅವರಿಗೂ ಬೇಸರ ತಂದಿತ್ತು. ತಾವು ಪ್ರತಿಫಲಿಸುತ್ತಿಲ್ಲ, ತಮ್ಮ ತಿಳಿವಳಿಕೆ ಸರಿಯೇ ಎಂದು ಪರೀಕ್ಷಿಸಿಕೊಳ್ಳುತ್ತಿದ್ದೇವೆ ಎಂದು ಅವರು ಕಡೆಗಾಲದ ಬರೆಹವೊಂದರಲ್ಲಿ ಸ್ಪಷ್ಟಪಡಿಸಿದರು. ಪಂಚಾಯಿತಿಯ ಕೆಲಸಕ್ಕೆ ಈ ಎರಡನೆಯ ವಿವರಣೆಯೇ ಹೆಚ್ಚು ಹೊಂದುತ್ತದೆ.

ಕನ್ನಡ ನಾಡಿಗೆ ಇದು ಪೂರ್ತಿ ಹೊಸದೂ ಅಲ್ಲ. ಕತೆ ಹೇಳುವಾಗ ಕೇಳುವವರು ಹೂಂಗುಟ್ಟಬೇಕು. ಹೂಂಗುಟ್ಟುವುದು ನಿಂತರೆ ಅಜ್ಜಿಯ ಕತೆಯೂ ನಿಲ್ಲುತ್ತಿತ್ತು. ಕ್ರಯಪತ್ರದ ಕೊನೆಯಲ್ಲಿ, ಬರೆದದ್ದನ್ನು ಓದಿಸಿ ಕೇಳಿ ಒಪ್ಪಿ ಸಹಿ ಮಾಡಿರುವುದಾಗಿ ಒಂದು ಸಾಲು ಇರುವುದನ್ನು ಸದಸ್ಯರು ಬಲ್ಲರು. ಠಾಣೆಯಲ್ಲಿ ಬಾಯಿಮಾತಿನಲ್ಲಿ ಕೊಟ್ಟ ದೂರನ್ನು ಬರೆದುಕೊಂಡ ಅಧಿಕಾರಿ ಅದನ್ನು ದೂರುದಾರರಿಗೆ ಓದಿ ಹೇಳಲೇಬೇಕೆಂದು ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 154ನೇ ಕಲಂ ವಿಧಿಸಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಅದನ್ನು ಮುಂದುವರಿಸಿದೆ. ಕಾಗದದ ಮೇಲಿನ ಮಾತಿಗೆ ಕಾನೂನು ತೋರಿಸುವ ಈ ಎಚ್ಚರವನ್ನು ಜಗಲಿಯ ಮಾತಿಗೂ ತೋರಿಸಬಹುದು.

ಅಭ್ಯಾಸಕ್ಕೆ ಎದುರಾಗುವ ತೊಡಕುಗಳು

ಮೊದಲ ತೊಡಕು ಪದವಿಯಿಂದಲೇ ಹುಟ್ಟುತ್ತದೆ. ಸದಸ್ಯರೆಂದರೆ ಪರಿಹಾರ ಕೊಡುವವರು ಎಂದು ಜನ ನಿರೀಕ್ಷಿಸುತ್ತಾರೆ. ಸದಸ್ಯರೂ ಹಾಗೆಯೇ ಭಾವಿಸುತ್ತಾರೆ. ಉತ್ತರ ತಡವಾದರೆ ಅಸಮರ್ಥರೆನಿಸಿಕೊಂಡೇವು ಎಂಬ ಆತಂಕ ಸಹಜ. ಆದರೆ ಮರಳಿ ನುಡಿಯಲು ಬೇಕಾಗುವುದು ಅರ್ಧ ನಿಮಿಷ. ತಪ್ಪಾಗಿ ಅರ್ಥೈಸಿಕೊಂಡ ದೂರಿನ ಬೆನ್ನು ಹತ್ತಿ ನೀರಗಂಟಿ, ಕರವಸೂಲಿಗಾರ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಮೂವರೂ ಅಲೆದಾಡುವ ಕಾಲದೊಂದಿಗೆ ಇದನ್ನು ಹೋಲಿಸಿ ನೋಡಬೇಕು.

ಎರಡನೆಯದು ಇನ್ನೂ ಗಂಭೀರ. ಮರಳಿ ನುಡಿದರೆ ಒಪ್ಪಿಕೊಂಡಂತಾಗುತ್ತದೆ ಎಂಬ ಭಯ ಚುನಾಯಿತ ಪ್ರತಿನಿಧಿಗಳಲ್ಲಿ ಇರುತ್ತದೆ, ಮತ್ತು ಆ ಭಯ ನಿರಾಧಾರವಲ್ಲ. "ಪಕ್ಕದವರು ಚರಂಡಿಯ ಜಾಗ ಒತ್ತುವರಿ ಮಾಡಿದ್ದಾರೆ" ಎಂದು ಒಬ್ಬರು ಹೇಳಿದಾಗ ಸದಸ್ಯರು "ಹೌದಾ, ಒತ್ತುವರಿ ಮಾಡಿದ್ದಾರಲ್ಲ" ಎಂದುಬಿಟ್ಟರೆ, ಸಂಜೆಯೊಳಗೆ ಅದು ಸದಸ್ಯರ ತೀರ್ಪಾಗಿ ಊರಿನಲ್ಲಿ ಹರಡಿರುತ್ತದೆ. ಆದ್ದರಿಂದ ಮರುನುಡಿಯಲ್ಲಿ ಮಾತು ಯಾರದೆಂಬುದು ಸ್ಪಷ್ಟವಾಗಿರಬೇಕು. "ಅವರ ಗೋಡೆ ಚರಂಡಿಯ ಜಾಗಕ್ಕೆ ಬಂದಿದೆ ಅಂತ ನಿಮಗನ್ನಿಸಿದೆ, ಮಳೆ ಬಂದಾಗ ನೀರು ನಿಮ್ಮ ಮನೆಗೆ ನುಗ್ಗುತ್ತೆ ಅನ್ನೋದು ನಿಮ್ಮ ಚಿಂತೆ, ಅಲ್ವಾ?" ಎಂದರೆ ಹೇಳಿದವರ ಅಳಲಿಗೆ ಮನ್ನಣೆ ಸಿಕ್ಕಿತು, ಅಳತೆಯಾಗುವವರೆಗೆ ತೀರ್ಪು ಬಾಕಿ ಉಳಿಯಿತು. "ಅಂತೀರಿ", "ಅನ್ನಿಸಿದೆ", "ಅಲ್ವಾ" ಎಂಬ ಪುಟ್ಟ ಪದಗಳು ಈ ಕೆಲಸದಲ್ಲಿ ದೊಡ್ಡ ಭಾರ ಹೊರುತ್ತವೆ. ಭರವಸೆಯನ್ನೂ ಹೀಗೆಯೇ ಬೇರೆ ಇಡಬೇಕು. ಮಾತು ಅರ್ಥವಾಯಿತು ಎಂದರೆ ಕೆಲಸ ಆಗುತ್ತದೆ ಎಂದಲ್ಲ. ಆಗದ ಕೆಲಸವನ್ನು ಆಗದೆಂದೇ ಹೇಳಬೇಕು. ಮಾತು ಸರಿಯಾಗಿ ತಲುಪಿದೆ ಎಂದು ಖಚಿತವಾದವರು "ಆಗುವುದಿಲ್ಲ" ಎಂಬ ಉತ್ತರವನ್ನೂ ಅಷ್ಟೊಂದು ಕಹಿಯಿಲ್ಲದೆ ಸ್ವೀಕರಿಸುತ್ತಾರೆ.

ಮೂರನೆಯ ತೊಡಕು ಭಾಷೆಯದು. ಜನರ ಮಾತನ್ನು ಕಚೇರಿಯ ಭಾಷೆಗೆ ತಿರುಗಿಸಿದೊಡನೆ ಅದರ ಜೀವ ಹೋಗುತ್ತದೆ. ಮೈಸೂರು ರಸ್ತೆಯ ಬದಿಯಲ್ಲಿ ಕೆಂಗೇರಿ, ಕುಂಬಳಗೋಡುಗಳನ್ನು ದಾಟಿ ಬೈರಮಂಗಲದ ಕೆರೆಯತ್ತ ಹರಿಯುವ ವೃಷಭಾವತಿ ನಗರದ ಕೊಳಚೆಯನ್ನೂ ಕೈಗಾರಿಕೆಗಳ ತ್ಯಾಜ್ಯವನ್ನೂ ಹೊತ್ತು ತರುತ್ತದೆ. ದಡದ ಮನೆಯ ವೃದ್ಧೆಯೊಬ್ಬರು "ಆ ಗಬ್ಬಿಗೆ ನೆಂಟರು ಮನೆಗೆ ಬರೋದೇ ಬಿಟ್ರು" ಎಂದರೆ, "ಪರಿಸರ ಮಾಲಿನ್ಯದ ಸಮಸ್ಯೆ" ಎಂದು ಮರಳಿಸುವುದು ಮರುನುಡಿಯಲ್ಲ, ಅನುವಾದ. ಅವರಿಗೆ ನೋವಾದದ್ದು ವಾಸನೆಯಿಂದ ಮಾತ್ರವಲ್ಲ, ಮನೆ ಬರಿದಾದದ್ದರಿಂದ. "ನೆಂಟರೂ ಬರದ ಹಾಗಾಗಿದೆ" ಎಂದು ಅವರದೇ ಪದವನ್ನು ಹಿಡಿದರೆ ಮುಂದಿನ ಮಾತು ಬರುತ್ತದೆ. ನದಿಯನ್ನು ಒಂದು ಪಂಚಾಯಿತಿ ಶುದ್ಧಗೊಳಿಸಲಾರದು. ಆದರೆ ಆ ಮನೆಯ ಹಿಂಬದಿಯಲ್ಲಿ ಮುಚ್ಚದೆ ಬಿಟ್ಟ ಮೋರಿಗೆ ಚಪ್ಪಡಿ ಹಾಕಿಸುವುದು ಪಂಚಾಯಿತಿಯ ಕೈಯಲ್ಲೇ ಇರುತ್ತದೆ. ಅಂಥ ಸಂಗತಿ ತಿಳಿದುಬರುವುದು ಎರಡನೆಯ, ಮೂರನೆಯ ವಾಕ್ಯದಲ್ಲಿ. ತೆಲುಗು, ತಮಿಳು, ಉರ್ದು ಮನೆಮಾತಿನ ಕುಟುಂಬಗಳೂ ಕೈಗಾರಿಕಾ ಪ್ರದೇಶದ ಕೆಲಸಕ್ಕೆಂದು ಉತ್ತರದ ರಾಜ್ಯಗಳಿಂದ ಬಂದವರೂ ಇರುವ ಕಡೆ, ಹರುಕುಮುರುಕು ಭಾಷೆಯಲ್ಲಾದರೂ ಮರಳಿ ಹೇಳಿ ಖಚಿತಪಡಿಸಿಕೊಳ್ಳುವುದರ ಅಗತ್ಯ ಇನ್ನಷ್ಟು.

ಒಂದೇ ಪದ ಎರಡು ಆಡಳಿತಗಳಲ್ಲಿ ಎರಡು ಅರ್ಥ ಕೊಡುವುದೂ ಈ ಭಾಗದಲ್ಲಿ ನಿತ್ಯದ ಮಾತು. ರಾಜಾಜಿನಗರದಿಂದ ಬಂದು ನೆಲೆಸಿದವರು "ಎ ಖಾತಾ ಮಾಡಿಕೊಡಿ" ಎಂದು ಕೇಳುತ್ತಾರೆ. ಅದು ನಗರ ಪಾಲಿಕೆಯ ಮಾತು. ಪಂಚಾಯಿತಿಯ ಇ-ಸ್ವತ್ತು ವ್ಯವಸ್ಥೆಯಲ್ಲಿರುವುದು ನಮೂನೆ 9 ಮತ್ತು ನಮೂನೆ 11. "ಇಲ್ಲಿ ಎ ಖಾತಾ ಇಲ್ಲ" ಎಂಬ ಉತ್ತರ ನಿಜವೇ ಆದರೂ ಕೇಳಿದವರಿಗೆ ಅದು ತಮ್ಮ ಸ್ವತ್ತೇ ಸಕ್ರಮವಲ್ಲ ಎಂದು ಕೇಳಿಸಬಹುದು, ಅಥವಾ ಲಂಚದ ಪೀಠಿಕೆಯಂತೆ ಕಾಣಬಹುದು. "ಬ್ಯಾಂಕಿಗೆ ತೋರಿಸೋಕೆ ದಾಖಲೆ ಬೇಕು ಅಂತೀರಾ, ಇಲ್ಲ ಮಾರಾಟಕ್ಕಾ?" ಎಂದು ಅವರ ಉದ್ದೇಶವನ್ನು ಮರಳಿ ಕೇಳಿದರೆ ಯಾವ ನಮೂನೆ ಬೇಕು, ಯಾವುದು ದೊರೆಯುವುದಿಲ್ಲ ಎಂಬುದನ್ನು ವಿವರಿಸಲು ದಾರಿಯಾಗುತ್ತದೆ.

ಗ್ರಾಮ ಸಭೆಯಲ್ಲಿ

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರಂತೆ ಆರು ತಿಂಗಳಿಗೊಮ್ಮೆಯಾದರೂ ಗ್ರಾಮ ಸಭೆ ಸೇರಬೇಕು. ಆರು ತಿಂಗಳ ಅಸಮಾಧಾನ ಒಂದು ಬೆಳಗಿನಲ್ಲಿ ಹೊರಬರುವಾಗ ಧ್ವನಿ ಏರುವುದು ಸ್ವಾಭಾವಿಕ. ಏರಿದ ಧ್ವನಿಗೆ ಏರಿದ ಧ್ವನಿಯೇ ಉತ್ತರವಾದರೆ ಸಭೆ ಮುಗಿದಂತೆಯೇ. ರೋಜರ್ಸ್ ಸೂಚಿಸಿದ ನಿಯಮವನ್ನು ಇಡೀ ಸಭೆಗೆ ವಿಧಿಸುವುದು ಸಾಧ್ಯವಿಲ್ಲ; ಅಧ್ಯಕ್ಷತೆ ವಹಿಸಿದವರೊಬ್ಬರು ಪಾಲಿಸಿದರೂ ವ್ಯತ್ಯಾಸ ಕಾಣುತ್ತದೆ. ಹಳೆಯ ಊರಿನವರು ಹೊಸ ಬಡಾವಣೆಗೇ ಎಲ್ಲ ದೀಪ ಹೋಗಿದೆ ಎನ್ನುತ್ತಾರೆ, ಬಡಾವಣೆಯವರು ತೆರಿಗೆ ಕಟ್ಟುವವರು ತಾವೇ ಎನ್ನುತ್ತಾರೆ. ಎರಡನ್ನೂ ಆಯಾ ಪಕ್ಷದವರು ತಲೆದೂಗುವಂತೆ ಮರಳಿ ಹೇಳಿದ ಮೇಲೆ ಖಾತೆಯ ಅಂಕಿಗಳನ್ನು ಓದಿದರೆ, ಆ ಅಂಕಿಗಳನ್ನು ಕೇಳುವ ಕಿವಿಗಳು ಇರುತ್ತವೆ. ನಡವಳಿ ಬರೆಯುವಾಗಲೂ ಪ್ರತಿ ಬೇಡಿಕೆಯನ್ನು ಕೇಳಿದವರ ಎದುರಿನಲ್ಲೇ ಒಮ್ಮೆ ಗಟ್ಟಿಯಾಗಿ ಓದಿದರೆ, ಬೇಡಿಕೆಯೊಂದು ಠರಾವಿನಲ್ಲಿ ಬೇರೆಯೇ ರೂಪ ತಾಳುವುದು ಅಲ್ಲಿಯೇ ನಿಲ್ಲುತ್ತದೆ.

ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿದ್ದರೂ, ಮಹಿಳೆಯೊಬ್ಬರು ಎದ್ದು ನಿಂತಾಗ ಅವರ ವಾಕ್ಯವನ್ನು ಇನ್ನಾರೋ ಮುಗಿಸಿಬಿಡುವುದು ಕಡಿಮೆಯಾಗಿಲ್ಲ. ಒಮ್ಮೊಮ್ಮೆ ಅವರ ಪತಿಯೇ ಮುಗಿಸುತ್ತಾರೆ. ಇಂಥ ವೇಳೆ ಮತ್ತೊಬ್ಬ ಸದಸ್ಯರು "ಅವರು ಹೇಳ್ತಿದ್ದದ್ದು ಅಂಗನವಾಡಿ ಶೌಚಾಲಯದ ಬೀಗದ ವಿಷಯ, ಅಲ್ಲವೇ? ಅವರೇ ಪೂರ್ತಿ ಮಾಡಲಿ" ಎಂದು ಮಾತನ್ನು ಅದರ ಒಡತಿಗೆ ಮರಳಿಸಬಹುದು. ಇದಕ್ಕೆ ಅಧಿಕಾರ ಬೇಡ, ಹಣವೂ ಬೇಡ. ಮಕ್ಕಳ ಗ್ರಾಮ ಸಭೆಯಲ್ಲಿಯೂ ಇದೇ ಮಾತು. ಶಾಲೆಗೆ ಹೋಗುವ ದಾರಿಯಲ್ಲಿ ನಾಯಿಗಳಿವೆ ಎಂದ ಮಗುವಿಗೆ ಧೈರ್ಯದ ಉಪದೇಶ ದೊರೆತರೆ ಆ ಮಗು ಮತ್ತೆ ಕೈ ಎತ್ತುವುದಿಲ್ಲ.

ಮನೆಯಲ್ಲಿ ಆರಂಭ

ಅಭ್ಯಾಸ ಸಭೆಯಲ್ಲಿ ಆರಂಭವಾಗಲಾರದು. ಮನೆಯೇ ತಕ್ಕ ಜಾಗ, ಮತ್ತು ಅಲ್ಲಿಯೇ ಅದು ಅತ್ಯಂತ ಕಷ್ಟ. ಹತ್ತನೆಯ ತರಗತಿಯ ಮಗ "ನಾಳೆಯಿಂದ ಸ್ಕೂಲಿಗೆ ಹೋಗಲ್ಲ" ಎಂದರೆ ಗದರುವುದೋ ಬುದ್ಧಿ ಹೇಳುವುದೋ ನಾಲಿಗೆಯ ತುದಿಯಲ್ಲೇ ಇರುತ್ತದೆ. "ಇವತ್ತು ಸ್ಕೂಲಲ್ಲಿ ಏನೋ ಬಹಳ ಬೇಜಾರಾಗಿದೆ" ಎಂದಷ್ಟೇ ಹೇಳಿ ಸುಮ್ಮನಾಗುವುದು ಹಿರಿಯರಿಗೆ ಶ್ರಮದ ಕೆಲಸ. ಆ ಮೌನ ಮುಖ್ಯ. ಮರಳಿ ನುಡಿದೊಡನೆ ಇನ್ನೊಂದು ಪ್ರಶ್ನೆ ಎಸೆದರೆ ಹೇಳುವವರಿಗೆ ಯೋಚಿಸಲು ಎಡೆಯೇ ಸಿಗುವುದಿಲ್ಲ. ದಿನಕ್ಕೊಂದು ಸಂಭಾಷಣೆಯಲ್ಲಿ, ಒಂದೇ ಒಂದು ಬಾರಿ, ಉತ್ತರಿಸುವ ಮೊದಲು ಮರಳಿ ನುಡಿಯುವುದೆಂದು ಗೊತ್ತುಪಡಿಸಿಕೊಂಡರೆ ಸಾಕು. ಪ್ರತಿ ಮಾತಿಗೂ ಹಾಗೆ ಮಾಡಿದರೆ ಮನೆಯವರೇ ಬೇಸತ್ತಾರು. ಚಹಾ ಎಷ್ಟು ಸಕ್ಕರೆ ಎಂಬುದಕ್ಕೆ ಮರುನುಡಿ ಬೇಕಿಲ್ಲ.

ಕೈಯಲ್ಲಿ ಮೊಬೈಲ್ ಹಿಡಿದು ಮಾಡಿದ ಮರುನುಡಿಗೆ ಬೆಲೆಯಿಲ್ಲ ಎಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಆಲಿಸುವುದು ಸಾಲದ ಸಂದರ್ಭಗಳು

ಕನ್ನಡದಲ್ಲಿ ಆಪ್ತಸಲಹೆಯ ಅರಿವನ್ನು ಸಾಮಾನ್ಯರಿಗೆ ತಲುಪಿಸಿದವರಲ್ಲಿ ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ, 2024ರಲ್ಲಿ ಪದ್ಮಶ್ರೀ ಪುರಸ್ಕೃತರಾದ ಡಾ. ಸಿ.ಆರ್. ಚಂದ್ರಶೇಖರ್ ಅವರ ಹೆಸರು ಮುಖ್ಯವಾದುದು. ವೃತ್ತಿಪರರಲ್ಲದವರೂ ತರಬೇತಿ ಪಡೆದು ಆಲಿಸಬಲ್ಲರೆಂಬುದು ಅವರ ಕೆಲಸದಿಂದ ಕಂಡುಬಂದಿದೆ. ಆದರೆ ಸದಸ್ಯರು ಆಪ್ತಸಲಹೆಗಾರರಲ್ಲ. ಚೆನ್ನಾಗಿ ಆಲಿಸುವ ಸದಸ್ಯರ ಬಳಿ ಜನ ನೀರು, ದೀಪಗಳಾಚೆಯ ಮಾತನ್ನೂ ತರುತ್ತಾರೆ. ಅಲ್ಲಿ ಏನು ಮಾಡಬೇಕೆಂಬುದು ಮೊದಲೇ ಗೊತ್ತಿರಬೇಕು.

ಗಂಡನ ಹೊಡೆತದ ವಿಷಯ ಹೊರಬಂದರೆ, ಮಾತನ್ನು ಶಾಂತವಾಗಿ ಮರಳಿ ನುಡಿದು, ಮನೆಗೆ ಹಿಂದಿರುಗುವುದು ಸುರಕ್ಷಿತವೇ ಎಂದು ಮೊದಲು ಕೇಳಬೇಕು. ಗಂಡನನ್ನೂ ಕರೆಸಿ ಇಬ್ಬರನ್ನೂ ಎದುರು ಕೂರಿಸಿ ಮಾಡುವ ರಾಜಿ ಪಂಚಾಯಿತಿ ಆಕೆಯನ್ನು ಇನ್ನಷ್ಟು ಅಪಾಯಕ್ಕೆ ಒಡ್ಡಬಹುದು. ಮಹಿಳಾ ಸಹಾಯವಾಣಿ 181, ತುರ್ತು ನೆರವಿಗೆ 112. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾಗಿದೆ ಎಂಬ ಸುಳಿವು ಸಿಕ್ಕರೆ ಗುಟ್ಟಾಗಿಡುವ ಭರವಸೆ ಕೊಡಲೇಬಾರದು. 2012ರ ಪೋಕ್ಸೊ ಕಾಯ್ದೆಯ 19ನೇ ಕಲಂನಂತೆ ಪೊಲೀಸರಿಗೆ ತಿಳಿಸುವುದು ಪ್ರತಿಯೊಬ್ಬರ ಕರ್ತವ್ಯ, ತಿಳಿಸದಿರುವುದು ಅಪರಾಧ. ಮಕ್ಕಳ ಸಹಾಯವಾಣಿ 1098.

ಇನ್ನೊಂದು ಮಾತನ್ನು ಬಿಡಿಸಿಯೇ ಹೇಳಬೇಕು. ಸಾಲದಿಂದಲೋ ಕಾಯಿಲೆಯಿಂದಲೋ ಕುಗ್ಗಿದವರು "ಇನ್ನು ನನ್ನಿಂದಾಗದು, ಎಲ್ಲರಿಗೂ ಭಾರವಾಗಿದ್ದೇನೆ" ಎಂದಾಗ ಕೇಳುವವರು ಸಾಮಾನ್ಯವಾಗಿ ಮಾತು ತೇಲಿಸುತ್ತಾರೆ: "ಹಾಗೆಲ್ಲ ಅನ್ನಬೇಡಿ, ಎಲ್ಲ ಸರಿಹೋಗುತ್ತೆ." ಒಳ್ಳೆಯ ಮನಸ್ಸಿನಿಂದ ಬಂದ ಈ ಮಾತು ಬಾಗಿಲು ಮುಚ್ಚುತ್ತದೆ. "ಎಲ್ಲರಿಗೂ ಭಾರವಾಗಿದ್ದೀನಿ ಅನ್ನಿಸಿಬಿಟ್ಟಿದೆ" ಎಂದು ಮರಳಿ ನುಡಿದು, ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಬೇಕು. ಹಾಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುತ್ತದೆಂಬುದು ತಪ್ಪು ಕಲ್ಪನೆ. ಉತ್ತರ ಹೌದೆಂದಾದರೆ ಅವರನ್ನು ಒಂಟಿಯಾಗಿ ಬಿಡದೆ, ಮನೆಯವರನ್ನು ಕರೆಸಿ, ವೈದ್ಯರ ಬಳಿಗೆ ಕರೆದೊಯ್ಯುವ ವ್ಯವಸ್ಥೆಯಾಗಬೇಕು. ಮನೆಯಲ್ಲಿರುವ ಕೀಟನಾಶಕದಂಥ ವಸ್ತುಗಳು ಅವರ ಕೈಗೆ ಸಿಗದಂತೆ ನೋಡಿಕೊಳ್ಳಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಸದಸ್ಯರೇ ಪಕ್ಕದಲ್ಲಿ ಕುಳಿತು ಕರೆ ಜೋಡಿಸಿಕೊಟ್ಟರೆ, ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಟ್ಟು ಕಳುಹಿಸುವುದಕ್ಕಿಂತ ಹೆಚ್ಚು ಉಪಯೋಗವಾಗುತ್ತದೆ. ಈ ಮಾತುಗಳು ಸದಸ್ಯರ ಬಾಯಿಂದ ಚಹಾದಂಗಡಿಗೆ ತಲುಪಬಾರದು.

ಪಂಚಾಯಿತಿಯ ದೂರು ಪುಸ್ತಕದಲ್ಲಿ ಸಾಮಾನ್ಯವಾಗಿ ದೂರಿನ ವಿಷಯಕ್ಕೆ ಒಂದು ಅಂಕಣವಿರುತ್ತದೆ, ಅದರಲ್ಲಿ "ನೀರು", "ದೀಪ", "ಚರಂಡಿ" ಎಂಬ ಒಂದೊಂದೇ ಪದ. ಅದರ ಪಕ್ಕದಲ್ಲಿ ಇನ್ನೊಂದು ಅಂಕಣ ಎಳೆದು, ದೂರುದಾರರು ಆಡಿದ ಒಂದು ವಾಕ್ಯವನ್ನು ಅವರ ಮಾತಿನಲ್ಲೇ ಬರೆದು, ಅವರು ಹೊರಡುವ ಮೊದಲು ಓದಿ ಹೇಳುವುದನ್ನು ಯಾವ ಪಂಚಾಯಿತಿಯೂ ನಾಳೆಯಿಂದಲೇ ಆರಂಭಿಸಬಹುದು.